ಮಕ್ಕಳ ಜೊತೆ ದೆಹಲಿಗೆ ಹೊರಟವರೇ, ಆ ‘ಟೂರಿಸ್ಟ್ ಆಫೀಸ್’ ಮೆಟ್ಟಿಲು ಹತ್ತಬೇಡಿ

ಶನಿವಾರ, ಭಾನುವಾರದ ಜೊತೆ ಸೋಮವಾರವೂ ರಜೆ ಬಂತು ಅಂತ ಚಿಕ್ಕ ಮಕ್ಕಳನ್ನು ಕರೆದುಕೊಂಡು ದೆಹಲಿಗೆ ಹೊರಟಿದ್ದೀರಾ? ದಯವಿಟ್ಟು ಇದನ್ನು ಪೂರ್ತಿ ಓದಿ. ಹೋಟೆಲ್ ಬುಕಿಂಗ್ ಕ್ಯಾನ್ಸಲ್ ಆಗಿದೆ ಅಂತ ಸುಳ್ಳು ಹೇಳಿ ದುಡ್ಡು ಕೀಳುವ ಮೋಸ ದೆಹಲಿಯಲ್ಲಿ ಹಳೆಯದು. ವಿದೇಶಿಯರಿಗೆ ಹೀಗೆ ಮಾಡುತ್ತಾರೆ ಅಂತ ನಾವೂ ಕೇಳಿದ್ದೆವು. ಈಗ ನಮ್ಮ ಕಡೆಯಿಂದ ಹೋಗುವ, ಹಿಂದಿ ಅಷ್ಟಾಗಿ ಬಾರದ, ಕಂಕುಳಲ್ಲಿ ಮಗು ಇರುವ ಕುಟುಂಬಗಳಿಗೂ ಇದೇ ನಡೆಯುತ್ತಿದೆ. ಮಗು ಇದ್ದರೆ ಅವರಿಗೆ ಇನ್ನೂ ಸುಲಭ. ಅದು ಹೇಗೆ ಅಂತ ಹೇಳುತ್ತೇನೆ.

ವಿಮಾನ ನಿಲ್ದಾಣದಿಂದ ಏರ್‌ಪೋರ್ಟ್ ಮೆಟ್ರೋದಲ್ಲಿ ನ್ಯೂ ಡೆಲ್ಲಿ ಸ್ಟೇಷನ್‌ಗೆ ಬಂದೆವು. ಸುಮಾರು 20 ನಿಮಿಷದ ದಾರಿ, ಒಳ್ಳೆಯ ವ್ಯವಸ್ಥೆ, ಅದರ ಬಗ್ಗೆ ಒಂದು ದೂರೂ ಇಲ್ಲ. ನಮ್ಮ ಹೋಟೆಲ್ ಇದ್ದದ್ದು ಪಹಾಡ್‌ಗಂಜ್ ಕಡೆ. ಹೊರಗೆ ಬಂದು ಒಂದು ಆಟೋ ಹತ್ತಿದೆವು. ಚಿಕ್ಕವಳಿಗೆ ನಾಲ್ಕು ವರ್ಷ, ಬೆಳಗಿನ ಜಾವವೇ ಎದ್ದಿದ್ದಳು, ಅಳು ಶುರುವಾಗಿತ್ತು. ದೊಡ್ಡವನಿಗೆ ಹಸಿವು. ಸ್ವಲ್ಪ ದೂರ ಹೋದ ಮೇಲೆ ಆಟೋದವನು, ‘ಪಹಾಡ್‌ಗಂಜ್ ರಸ್ತೆ ಇವತ್ತು ಬಂದ್, ಮೆರವಣಿಗೆ ಇದೆ, ಒಳಗೆ ಹೋಗಲು ಪಾಸ್ ಬೇಕು, ಸರ್ಕಾರಿ ಆಫೀಸಲ್ಲಿ ಫ್ರೀಯಾಗಿ ಕೊಡುತ್ತಾರೆ’ ಅಂದ. ಕನಾಟ್ ಪ್ಲೇಸ್ ಹತ್ತಿರದ ಒಂದು ಸಣ್ಣ ಆಫೀಸಿನ ಮುಂದೆ ನಿಲ್ಲಿಸಿದ. ಬೋರ್ಡ್ ಮೇಲೆ ಅಶೋಕ ಚಕ್ರದಂಥ ಚಿತ್ರ, ‘ಟೂರಿಸ್ಟ್ ಇನ್ಫರ್ಮೇಶನ್’ ಅನ್ನೋ ದೊಡ್ಡ ಅಕ್ಷರ. ಒಳಗೆ ಗೋಡೆ ತುಂಬ ಇನ್‌ಕ್ರೆಡಿಬಲ್ ಇಂಡಿಯಾ ಪೋಸ್ಟರುಗಳು.

ಅಲ್ಲಿದ್ದವರು ಮೊದಲು ಮಾತಾಡಿಸಿದ್ದು ನಮ್ಮನ್ನಲ್ಲ, ಮಕ್ಕಳನ್ನು. ಬಿಸ್ಕತ್ತು ಕೊಟ್ಟರು. ಟಾಯ್ಲೆಟ್ ಎಲ್ಲಿದೆ ಅಂತ ತೋರಿಸಿದರು. ಆಮೇಲೆ ‘ನಿಮ್ಮ ಹೋಟೆಲ್ ಓಪನ್ ಇದೆಯಾ ಅಂತ ಕೇಳಿಬಿಡೋಣ’ ಅಂತ ಅವರೇ ನಂಬರ್ ಒತ್ತಿ ಫೋನನ್ನು ನನ್ನ ಗಂಡನ ಕೈಗೆ ಕೊಟ್ಟರು. ಆ ಕಡೆಯಿಂದ ಒಬ್ಬ ಬಹಳ ವಿನಯವಾಗಿ ಮಾತಾಡಿದ. ನಮ್ಮ ಹೆಸರನ್ನೂ ಹೇಳಿದ. ‘ಸಾರಿ ಸರ್, ಓವರ್‌ಬುಕಿಂಗ್ ಆಗಿದೆ, ನಿಮ್ಮ ರೂಮ್ ಕ್ಯಾನ್ಸಲ್, ದುಡ್ಡು ವಾಪಸ್ ಬರುತ್ತೆ’ ಅಂದ. ನಮ್ಮ ಹೆಸರು ಅವನಿಗೆ ಹೇಗೆ ಗೊತ್ತು? ಎರಡು ನಿಮಿಷದ ಹಿಂದೆ ಇದೇ ಆಫೀಸಿನವರು ನಮ್ಮ ಬುಕಿಂಗ್ ಕಾಗದ ಇಸಿದುಕೊಂಡು ಒಳಗೆ ಹೋಗಿ ಬಂದಿದ್ದರು.

ಆ ಹೊತ್ತಿನಲ್ಲಿ ಮಗಳು ನೆಲದ ಮೇಲೆ ಮಲಗಿ ಅಳುತ್ತಿದ್ದಳು. ಅಂಥ ಸಮಯದಲ್ಲಿ ಯಾವ ತಂದೆತಾಯಿಗೂ ಬೇಕಾಗಿರೋದು ಒಂದೇ, ಮಕ್ಕಳಿಗೆ ಒಂದು ರೂಮು, ಒಂದು ಹಾಸಿಗೆ. ಅದು ಅವರಿಗೆ ಚೆನ್ನಾಗಿ ಗೊತ್ತು. ಒಂಟಿಯಾಗಿ ಬಂದ ಹುಡುಗ ಜಗಳ ಆಡಿ ಎದ್ದು ಹೋಗಬಹುದು. ಮಗುವನ್ನು ಎತ್ತಿಕೊಂಡ ತಾಯಿ ಬಿಸಿಲಲ್ಲಿ ಸೂಟ್‌ಕೇಸ್ ಎಳೆದುಕೊಂಡು ಎಲ್ಲಿಗೆ ಹೋಗಬೇಕು? ಕರೋಲ್‌ಬಾಗ್‌ನಲ್ಲಿ ರೂಮು, ಮೂರೂ ದಿನಕ್ಕೆ ಕಾರು, ಎಲ್ಲ ಜಾಗಗಳ ಟಿಕೆಟ್, ಸೇರಿ 18,000 ರೂಪಾಯಿ ಅಂದರು. ಕೊಟ್ಟೆವು.

ಆ ಬಿಲ್ ಇವತ್ತಿಗೂ ನನ್ನ ಹತ್ತಿರ ಇದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕುತುಬ್ ಮಿನಾರ್ ಮತ್ತು ಕೆಂಪು ಕೋಟೆಗೆ ಮಕ್ಕಳ ಟಿಕೆಟ್ ಅಂತ ದುಡ್ಡು ಬರೆದಿದ್ದಾರೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಲೋಟಸ್ ಟೆಂಪಲ್‌ಗೂ ನಾಲ್ಕು ಜನರ ಟಿಕೆಟ್ ಬರೆದಿದ್ದಾರೆ. ಅಲ್ಲಿ ಯಾರಿಗೂ ಟಿಕೆಟ್ಟೇ ಇಲ್ಲ! ಅಕ್ಷರಧಾಮದ ಒಳಗೆ ಹೋಗಲೂ ದುಡ್ಡು ಬೇಡ, ಒಳಗಿನ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಬಿಲ್‌ನಲ್ಲಿ ಜಿಎಸ್‌ಟಿ ನಂಬರ್ ಇಲ್ಲ, ಬರೀ ಒಂದು ರಬ್ಬರ್ ಸ್ಟಾಂಪು.

ಕಾರಿನ ಕಥೆ ಇನ್ನೂ ಬೇಸರದ್ದು. ರಾಷ್ಟ್ರಪತಿ ಭವನ, ಸಂಸತ್ತು, ಇಂಡಿಯಾ ಗೇಟ್ ಎಲ್ಲವೂ ಪಟ್ಟಿಯಲ್ಲಿ ಇತ್ತು. ಎಲ್ಲವನ್ನೂ ತೋರಿಸಿದ್ದು ಕಾರಿನ ಕಿಟಕಿಯಿಂದ. ರಾಷ್ಟ್ರಪತಿ ಭವನದ ಒಳಗೆ ಹೋಗಬೇಕಾದರೆ ಮೊದಲೇ ಆನ್‌ಲೈನಲ್ಲಿ ಬುಕ್ ಮಾಡಬೇಕು, ಅದನ್ನು ಅವರು ಮಾಡಿರಲೇ ಇಲ್ಲ. ಕುತುಬ್‌ನಲ್ಲಿ ಅರ್ಧ ಗಂಟೆ ಕೊಟ್ಟ ಡ್ರೈವರ್, ‘ಸರ್ಕಾರಿ ಎಂಪೋರಿಯಂ’ ಅಂತ ಕರೆದುಕೊಂಡು ಹೋದ ಅಂಗಡಿಗಳಲ್ಲಿ ಗಂಟೆಗಟ್ಟಲೆ ಕೂರಿಸಿದ. ಶಾಲು, ಕಾರ್ಪೆಟ್, ಹರಳಿನ ಸರ. ಒಂದು ಅಂಗಡಿಯಲ್ಲಿ ಮಗಳ ಕೈಗೆ ಮರದ ಆನೆ ಕೊಟ್ಟು ಆಡಲು ಬಿಟ್ಟರು. ಹೊರಡುವಾಗ ಅದಕ್ಕೆ 900 ರೂಪಾಯಿ ಕೇಳಿದರು. ಅವಳ ಕೈಯಿಂದ ಅದನ್ನು ಬಿಡಿಸಿಕೊಂಡದ್ದು ನನಗೆ ಮರೆಯೋಕೆ ಆಗ್ತಿಲ್ಲ. ನಿಜವಾದ ಸರ್ಕಾರಿ ಎಂಪೋರಿಯಂಗಳು ಬೇಕಿದ್ದರೆ ಕನಾಟ್ ಪ್ಲೇಸ್ ಪಕ್ಕದ ಬಾಬಾ ಖಡಕ್ ಸಿಂಗ್ ಮಾರ್ಗದಲ್ಲಿ ಸಾಲಾಗಿ ಇವೆ. ಒಂದೊಂದು ರಾಜ್ಯದ್ದೂ ಒಂದೊಂದು, ನಮ್ಮ ಕಾವೇರಿಯೂ ಅಲ್ಲೇ ಇದೆ. ಅಲ್ಲಿಗೆ ನೀವಾಗಿಯೇ ಹೋಗಬಹುದು, ಯಾವ ಡ್ರೈವರೂ ಬೇಡ.

ಸೋಮವಾರಕ್ಕೆ ಅವರು ಬರೆದುಕೊಟ್ಟಿದ್ದು ಕೆಂಪು ಕೋಟೆ, ಲೋಟಸ್ ಟೆಂಪಲ್, ಅಕ್ಷರಧಾಮ. ಮೂರಕ್ಕೂ ಸೋಮವಾರವೇ ರಜೆ! ದಿನವೂ ಇದೇ ಕೆಲಸ ಮಾಡುವವರಿಗೆ ಇದು ಗೊತ್ತಿಲ್ಲದೆ ಇರುತ್ತಾ? ಗೊತ್ತಿದ್ದೇ ಬರೆದರು. ಬಾಗಿಲು ಮುಚ್ಚಿದ್ದರೆ ಅಂಗಡಿಗೆ ಕರೆದುಕೊಂಡು ಹೋಗಲು ಜಾಸ್ತಿ ಹೊತ್ತು ಸಿಗುತ್ತದೆ, ಅಲ್ವಾ? ಆಗಸ್ಟ್ 15ಕ್ಕೆ ಪ್ರಧಾನಿ ಬಾವುಟ ಹಾರಿಸುವ ಜಾಗ ನೋಡಬೇಕು ಅಂತ ಮಗ ಊರಿಂದ ಹೊರಟಾಗಿನಿಂದ ಹೇಳುತ್ತಿದ್ದ. ಡ್ರೈವರ್ ‘ಇವತ್ತು ಬಂದ್, ಹೊರಗಿನಿಂದಲೇ ಫೋಟೋ ತೆಗೆದುಕೊಳ್ಳಿ’ ಅಂದ. ಮಗ ಏನೂ ಮಾತಾಡಲಿಲ್ಲ, ಫೋಟೋಗೂ ನಿಲ್ಲಲಿಲ್ಲ.

ಅಲ್ಲೇ ಕಾರು ಬಿಟ್ಟು ನಮ್ಮ ಮೊದಲ ಹೋಟೆಲ್‌ಗೆ ಹೋದೆವು. ರಿಸೆಪ್ಷನ್‌ನಲ್ಲಿದ್ದ ಹುಡುಗ ರಿಜಿಸ್ಟರ್ ತೆಗೆದು ತೋರಿಸಿದ. ನಮ್ಮ ರೂಮ್ ಹಾಗೇ ಇತ್ತು. ಯಾರೂ ಫೋನ್ ಮಾಡಿರಲಿಲ್ಲ. ಯಾವ ರಸ್ತೆಯೂ ಬಂದ್ ಆಗಿರಲಿಲ್ಲ. ನಾವು ಬರಲಿಲ್ಲ ಅಂತ ಒಂದು ರಾತ್ರಿಯ ಬಾಡಿಗೆ ಹಿಡಿದುಕೊಂಡಿದ್ದರು, ಅದು ಅವರ ತಪ್ಪಲ್ಲ. ಆ ಆಫೀಸಿಗೆ ವಾಪಸ್ ಹೋದರೆ, ನಮಗೆ ಬಿಲ್ ಕೊಟ್ಟವನು ‘ಇಲ್ಲಿ ಕೆಲಸ ಮಾಡುವವನೇ ಅಲ್ಲ’ ಅಂದರು. ಬಿಲ್ ಹಿಡಿದು ಪೊಲೀಸರ ಹತ್ತಿರ ಹೋಗುತ್ತೇವೆ ಅಂದ ಮೇಲೆ ಸೋಮವಾರದ ಲೆಕ್ಕ ಅಂತ 4,000 ಎಣಿಸಿ ಕೊಟ್ಟರು. ಸಂಜೆ ವಿಮಾನ ಇತ್ತು. ಹೊರಡುವ ಊರಿನಲ್ಲಿ ಠಾಣೆಗೆ ಅಲೆಯಲು ಯಾರಿಗೂ ಸಮಯ ಇರುವುದಿಲ್ಲ ಅನ್ನೋದೂ ಅವರ ಲೆಕ್ಕದಲ್ಲಿ ಸೇರಿದೆ.

ಉಳಿದ ಮಧ್ಯಾಹ್ನ ಹುಮಾಯೂನ್ ಸಮಾಧಿಗೆ ಹೋದೆವು. ಅದು ಸೋಮವಾರವೂ ತೆರೆದಿರುತ್ತದೆ, ಕುತುಬ್ ಕೂಡ. ಅಲ್ಲಿನ ಹುಲ್ಲುಹಾಸಿನ ಮೇಲೆ ಮಕ್ಕಳು ಮನಸಾರೆ ಓಡಿದರು. ಇಡೀ ಪ್ರವಾಸದಲ್ಲಿ ಅವರು ನಕ್ಕಿದ್ದು ಅಲ್ಲೇ. ಚಾಣಕ್ಯಪುರಿಯ ರೈಲು ಮ್ಯೂಸಿಯಂ ಮಾತ್ರ ತಪ್ಪಿಹೋಯಿತು. ಅದಕ್ಕೂ ಸೋಮವಾರ ರಜೆ. ಪುಟಾಣಿ ರೈಲು ಇದೆ, ಪಟಿಯಾಲದ ಒಂಟಿ ಹಳಿಯ ರೈಲು ಇದೆ, ಮೈಸೂರು ಮಹಾರಾಜರ ಸಲೂನ್ ಬೋಗಿಯೂ ಇದೆ. ಚಿಕ್ಕ ಮಕ್ಕಳಿದ್ದರೆ ಶನಿವಾರವೋ ಭಾನುವಾರವೋ ಬೆಳಿಗ್ಗೆಯೇ ಅಲ್ಲಿಗೆ ಹೋಗಿ. ಯಾವ ಪ್ಯಾಕೇಜಿನವರೂ ಅದನ್ನು ಪಟ್ಟಿಗೆ ಹಾಕುವುದಿಲ್ಲ, ಅಲ್ಲಿಂದ ಅವರಿಗೆ ಕಮಿಷನ್ ಬರುವುದಿಲ್ಲವಲ್ಲ.

ಓಡಾಡಲು ಮೆಟ್ರೋ ಸಾಕು. ಕೆಂಪು ಕೋಟೆಗೆ ಲಾಲ್ ಕಿಲಾ, ಅಕ್ಷರಧಾಮಕ್ಕೆ, ಕುತುಬ್‌ಗೆ ಅದದೇ ಹೆಸರಿನ ಸ್ಟೇಷನ್‌ಗಳಿವೆ. ಕುತುಬ್ ಸ್ಟೇಷನ್ನಿಂದ ಮಿನಾರ್ ಸ್ವಲ್ಪ ದೂರ, ಮಕ್ಕಳಿದ್ದರೆ ಆಟೋ ಬೇಕು. ಮೂರು ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಮೆಟ್ರೋದಲ್ಲಿ ಟಿಕೆಟ್ ಬೇಡ. ರೈಲ್ವೆ ಸ್ಟೇಷನ್ನಿಂದ ಆಟೋ ಬೇಕೇ ಬೇಕಿದ್ದರೆ ಪೊಲೀಸರ ಪ್ರೀಪೇಯ್ಡ್ ಬೂತ್‌ನಲ್ಲಿ ಚೀಟಿ ಮಾಡಿಸಿ. ದಾರಿಯಲ್ಲಿ ಯಾರಾದರೂ ರಸ್ತೆ ಬಂದ್, ಮೆಟ್ರೋ ಬಂದ್, ಹೋಟೆಲ್ ಸುಟ್ಟುಹೋಗಿದೆ ಅಂದರೂ ಇಳಿಯಬೇಡಿ. ಹೋಟೆಲ್‌ಗೆ ನಿಮ್ಮ ಫೋನಿನಿಂದ, ನಿಮ್ಮ ಹತ್ತಿರ ಇರುವ ನಂಬರಿಗೆ ನೀವೇ ಕರೆ ಮಾಡಿ. ಬುಕಿಂಗ್ ಕಾಗದ ಯಾರ ಕೈಗೂ ಕೊಡಬೇಡಿ. ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಕಚೇರಿ ಇರುವುದು ಜನಪಥ್ ರಸ್ತೆಯ 88ನೇ ನಂಬರಿನಲ್ಲಿ. ಅಲ್ಲಿಗೂ ಯಾವ ಆಟೋದವನೂ ಪಾಸ್ ಮಾಡಿಸಲು ಕರೆದುಕೊಂಡು ಹೋಗಬೇಕಿಲ್ಲ.

ಅಕ್ಷರಧಾಮದ ಬಗ್ಗೆ ಇನ್ನೊಂದು ಮಾತು. ಅಲ್ಲಿ ಮೊಬೈಲ್, ಬ್ಯಾಗು ಎಲ್ಲ ಹೊರಗೇ ಕೊಟ್ಟು ಹೋಗಬೇಕು. ಜನಜಂಗುಳಿಯಲ್ಲಿ ಮಗು ಕೈ ತಪ್ಪಿದರೆ ಒಬ್ಬರಿಗೊಬ್ಬರು ಫೋನ್ ಮಾಡಲು ಆಗುವುದಿಲ್ಲ. ಒಳಗೆ ಹೋಗುವ ಮೊದಲೇ ಎಲ್ಲಿ ಸೇರಬೇಕು ಅಂತ ಮಾತಾಡಿಕೊಳ್ಳಿ, ಮಗುವಿನ ಜೇಬಿನಲ್ಲಿ ಹೆಸರು, ಹೋಟೆಲ್ ವಿಳಾಸ ಬರೆದ ಚೀಟಿ ಇಡಿ.

ಯಾರಾದರೂ ಬಲವಂತ ಮಾಡಿದರೆ, ಗಾಡಿ ನಿಲ್ಲಿಸದೆ ಹೋದರೆ 112ಕ್ಕೆ ಕರೆ ಮಾಡಿ. ಪ್ರವಾಸಿಗರ ಸಹಾಯವಾಣಿ 1363 ಹಗಲೂ ರಾತ್ರಿ ಇರುತ್ತದೆ. ಊರಿಗೆ ಬಂದ ಮೇಲೂ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ನಾವು ಕೊಟ್ಟಿದ್ದೇವೆ. ಇದಕ್ಕೆಲ್ಲ ಬಿಲ್ ಬೇಕು, ಕಾರಿನ ನಂಬರ್ ಬೇಕು. ಹತ್ತುವ ಮೊದಲೇ ಗಾಡಿಯ ನಂಬರ್ ಪ್ಲೇಟಿನ ಒಂದು ಫೋಟೋ ತೆಗೆದು ಮನೆಯವರಿಗೆ ಕಳಿಸಿಬಿಡಿ.