ಮೊರೆ-ಸ್ಯುರ್-ಲ್ವಾಂ: ಎದುರು ದಡದಿಂದ ನೋಡಬೇಕಾದ ಪಟ್ಟಣ

ಪ್ಯಾರಿಸ್ಸಿನ ಆಗ್ನೇಯಕ್ಕೆ, ಫಾಂತೆನ್‌ಬ್ಲೋ ಕಾಡಿನ ಅಂಚಿನಲ್ಲಿ, ಲ್ವಾಂ ನದಿಯ ಎಡದಂಡೆಯ ಮೇಲಿರುವ ಪುಟ್ಟ ಪಟ್ಟಣ ಮೊರೆ. ಫಾಂತೆನ್‌ಬ್ಲೋ ಅರಮನೆಯನ್ನು ನೋಡಿ ಮಿಕ್ಕ ಒಂದೆರಡು ಗಂಟೆಯಲ್ಲಿ ಇದನ್ನೂ ಮುಗಿಸಿಬಿಡೋಣ ಎನ್ನುವವರಿಗೆ ನನ್ನ ಸಲಹೆ ಒಂದೇ: ಇದಕ್ಕೆ ಪೂರ್ತಿ ಒಂದು ದಿನವನ್ನು ಕೊಡಿ, ಅದೂ ಬೆಳಿಗ್ಗೆಯೇ ಬನ್ನಿ.

ಗಾರ್ ದ ಲಿಯೋಂ ನಿಲ್ದಾಣದಿಂದ ಆರ್ ಮಾರ್ಗದ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆಯ ಪ್ರಯಾಣ. 2025ರ ಜನವರಿಯಲ್ಲಿ ಇಲ್-ದ-ಫ್ರಾನ್ಸ್ ಪ್ರಾಂತಕ್ಕೆಲ್ಲ ಒಂದೇ ದರ ಜಾರಿಗೆ ಬಂದ ಮೇಲೆ ಇಷ್ಟು ದೂರದ ಟಿಕೆಟ್ 2.50 ಯೂರೋಗೆ ಇಳಿಯಿತು. ನಿಲ್ದಾಣದಿಂದ ಹಳೆಯ ಊರಿಗೆ ಸ್ವಲ್ಪ ನಡೆಯಬೇಕು, ಆ ದಾರಿಯಲ್ಲಿ ವಿಶೇಷವೇನಿಲ್ಲ.

ಸಾಮ್ವಾ ದ್ವಾರದಿಂದ ಒಳಹೊಕ್ಕು, ಮುಖ್ಯ ಬೀದಿಯುದ್ದಕ್ಕೂ ಸಾಗಿ, ಬರ್ಗಂಡಿ ದ್ವಾರವನ್ನು ದಾಟಿದರೆ ಸೇತುವೆ ಸಿಗುತ್ತದೆ. ಬೀದಿ ಇಕ್ಕಟ್ಟಾಗಿದ್ದು ಕಾರುಗಳೂ ಅಲ್ಲೇ ಓಡಾಡುವುದು ನಿಜಕ್ಕೂ ಕಿರಿಕಿರಿ. ಆದರೆ ಸೇತುವೆ ದಾಟಿ ಆಚೆ ದಡದ ಹುಲ್ಲಿನ ಮೇಲೆ ನಿಂತು ಹಿಂದಿರುಗಿ ನೋಡಿದಾಗ, ಕಲ್ಲಿನ ಕಮಾನುಗಳು, ಅವುಗಳ ಮೇಲೆ ದ್ವಾರದ ಗೋಪುರ, ಅದರಾಚೆ ನೋತ್ರ್-ದಾಮ್ ಚರ್ಚಿನ ಶಿಖರ, ಎಲ್ಲವೂ ಒಂದೇ ನೋಟಕ್ಕೆ ದಕ್ಕುತ್ತವೆ. ಬೆಳಗಿನ ಬಿಸಿಲು ನೇರವಾಗಿ ಈ ಮುಖದ ಮೇಲೆ ಬೀಳುತ್ತದೆ. ಆಳವಿಲ್ಲದ ಕಡೆ ಹರಿವಿನ ದಿಕ್ಕಿಗೆ ನೀಳವಾಗಿ ಬಾಗಿದ ಜಲಸಸ್ಯಗಳ ಒಂದೊಂದು ಎಳೆಯೂ ಕಾಣುತ್ತದೆ. ಮಧ್ಯಾಹ್ನದ ನಂತರ ಸೂರ್ಯ ಊರಿನ ಹಿಂದಕ್ಕೆ ಸರಿದು ಗೋಡೆಗಳು ಮಂಕಾಗುತ್ತವೆ.

ಬೆಳಕಿನ ಈ ವ್ಯತ್ಯಾಸವನ್ನು ಆಲ್ಫ್ರೆಡ್ ಸಿಸ್ಲಿಯಷ್ಟು ಶ್ರದ್ಧೆಯಿಂದ ಗಮನಿಸಿದವರು ವಿರಳ. ಇಂಗ್ಲಿಷ್ ತಂದೆತಾಯಿಗೆ ಪ್ಯಾರಿಸ್ಸಿನಲ್ಲಿ ಹುಟ್ಟಿದ ಈ ಕಲಾವಿದ 1889ರಲ್ಲಿ ಇಲ್ಲಿ ನೆಲೆಸಿ, 1893 ಮತ್ತು 1894ರಲ್ಲಿ ಇದೇ ಚರ್ಚನ್ನು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಹವೆಯಲ್ಲಿ ಮತ್ತೆ ಮತ್ತೆ ಚಿತ್ರಿಸಿದ; 1899ರ ಜನವರಿಯಲ್ಲಿ ಇಲ್ಲೇ ತೀರಿಕೊಂಡ. ಅವನ ಸಮಾಧಿಯೂ ಇಲ್ಲಿದೆ. 1893ರಲ್ಲಿ ಅವನು ಬರೆದ ಮೊರೆ ಸೇತುವೆಯ ಚಿತ್ರ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದ ಆಸ್ತಿ. ಸಾಧ್ಯವಾದರೆ ಮೊದಲು ಅದನ್ನು ಕಣ್ತುಂಬಿಕೊಂಡು ಆಮೇಲೆ ಇಲ್ಲಿಗೆ ಬರುವುದು ಉತ್ತಮ.

ಬೆನೆಡಿಕ್ಟೀನ್ ಸನ್ಯಾಸಿನಿಯರು 1638ರಿಂದ ತಯಾರಿಸುತ್ತಿದ್ದರೆನ್ನುವ ಬಾರ್ಲಿ ಸಕ್ಕರೆಯ ಮಿಠಾಯಿ ಈ ಊರಿನ ಹೆಮ್ಮೆ. ಅದಕ್ಕೆಂದೇ ಒಂದು ಪುಟ್ಟ ಸಂಗ್ರಹಾಲಯವೂ ಇದೆ. ಹೊಂಬಣ್ಣದ, ಗಟ್ಟಿಯಾದ ಈ ಮಿಠಾಯಿಯನ್ನು ಕಡಿಯದೆ ಬಾಯಲ್ಲಿಟ್ಟು ಕರಗಿಸಿದರೇ ರುಚಿ.

ಕಾಲಲ್ಲಿ ಶಕ್ತಿ ಉಳಿದಿದ್ದರೆ, ಲ್ವಾಂ ನದಿ ಸೇನ್ ನದಿಯನ್ನು ಸೇರುವ ಸ್ಯಾಂ-ಮಾಮೆಸ್‌ವರೆಗೆ ನೀರಿನ ಪಕ್ಕದಲ್ಲೇ ನಡೆದುಹೋಗಿ. ಸರಕು ದೋಣಿಗಳ ಆ ಊರಿಗೂ ಅದೇ ಆರ್ ಮಾರ್ಗದಲ್ಲಿ ನಿಲ್ದಾಣವಿರುವುದರಿಂದ, ಪ್ಯಾರಿಸ್ಸಿಗೆ ಮರಳಲು ಮತ್ತೆ ಮೊರೆಗೆ ಬರಬೇಕಾಗಿಲ್ಲ.