ಹಾಸನದ ಡಿಟಿಪಿ ಅಂಗಡಿಯ ಸೈಟೇಷನ್ ರಿಪೋರ್ಟ್: ಬೈಂಡಿಂಗ್ ಗಟ್ಟಿ, ಲೆಕ್ಕ ನೀವೇ ನೋಡಿಕೊಳ್ಳಿ

ಬಡ್ತಿಗೆ ಅರ್ಜಿ ಹಾಕುವ ಕಾಲ ಬಂದರೆ ನಮ್ಮಂಥ ಡಿಗ್ರಿ ಕಾಲೇಜಿನವರು ಓಡುವುದೇ ಡಿಟಿಪಿ ಅಂಗಡಿಗೆ. ಬಿ.ಎಂ. ರಸ್ತೆಯ ಕಡೆ ಅಂಥದ್ದೊಂದಿದೆ. ಹೆಸರು ಬೇಡ, ಹುಡುಗರು ಒಳ್ಳೆಯವರು. ಜೆರಾಕ್ಸು, ಪಹಣಿ, ಮದುವೆ ಕಾರ್ಡಿನ ಜೊತೆಗೆ ಈಗ ಸೈಟೇಷನ್ ರಿಪೋರ್ಟನ್ನೂ ಮಾಡಿಕೊಡುತ್ತಾರೆ. ಅಂದರೆ ನೀವು ಎಷ್ಟು ಪ್ರಬಂಧ ಬರೆದಿದ್ದೀರಿ, ಬೇರೆಯವರು ಅವನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಎಚ್-ಇಂಡೆಕ್ಸ್ ಎಷ್ಟು ಅಂತ ಗೂಗಲ್ ಸ್ಕಾಲರಿನಲ್ಲಿ ಪ್ರೊಫೈಲ್ ತೆರೆದು, ಕಲರ್ ಪ್ರಿಂಟ್ ತೆಗೆದು, ಸ್ಪೈರಲ್ ಹಾಕಿ ಕೈಗೆ ಕೊಡುತ್ತಾರೆ. ಎಲ್ಲ ಸೇರಿ 400 ರೂಪಾಯಿ.

ನನ್ನದು ಸ್ವಲ್ಪ ಕಲಸುಮೇಲೋಗರ. ಪಾಠ ಮಾಡುವುದು ಸಸ್ಯಶಾಸ್ತ್ರ. ಆಲೂಗಡ್ಡೆಯ ಅಂಗಮಾರಿ ಮೇಲೆ ಐದು ಪ್ರಬಂಧ (ಹಾಸನದಲ್ಲಿದ್ದು ಅದರ ಬಗ್ಗೆ ಬರೆಯದೆ ಇರಲಿಕ್ಕಾಗುತ್ತದಾ?), ಹೈಸ್ಕೂಲ್ ವಿಜ್ಞಾನ ಪಾಠದ ಬಗ್ಗೆ ಒಂದು, ಹಳೇಬೀಡಿನ ಬಳ್ಳಿ ಕೆತ್ತನೆಗಳ ಬಗ್ಗೆ ಕನ್ನಡದಲ್ಲಿ ಒಂದು. ಒಟ್ಟು ಏಳು.

ಸಂಜೆ ರಿಪೋರ್ಟ್ ಬಂತು. ಎಚ್-ಇಂಡೆಕ್ಸ್ 17!

ಏಳು ಪ್ರಬಂಧ ಬರೆದವಳಿಗೆ 17 ಬರಲಿಕ್ಕೇ ಸಾಧ್ಯವಿಲ್ಲ. ಲೆಕ್ಕ ಸರಳ. ಎಚ್ ಎಷ್ಟೋ, ಕಡೇಪಕ್ಷ ಅಷ್ಟು ಸಲ ಉಲ್ಲೇಖವಾದ ಪ್ರಬಂಧಗಳೂ ಅಷ್ಟೇ ಇರಬೇಕು. ಉಲ್ಲೇಖ ಜಾಸ್ತಿ ಇರುವುದರಿಂದ ಕೆಳಗೆ ಬರೆಯುತ್ತಾ ಬನ್ನಿ. ನನ್ನವು 31, 12, 6, 4, 3, 1, 0. ಕಡೇಪಕ್ಷ ನಾಲ್ಕು ಉಲ್ಲೇಖವಿರುವ ಪ್ರಬಂಧ ನಾಲ್ಕಿವೆ, ಐದನೆಯದಕ್ಕೆ ಐದಿಲ್ಲ, ಹಾಗಾಗಿ ಎಚ್ 4. ಕಡೇಪಕ್ಷ ಹತ್ತು ಉಲ್ಲೇಖವಿರುವುದು ಎರಡೇ, ಹಾಗಾಗಿ ಐ10-ಇಂಡೆಕ್ಸ್ 2. ಅಷ್ಟೇ ನನ್ನ ಆಸ್ತಿ.

ಪುಟ ತಿರುಗಿಸಿದರೆ ನಾನು ಕಣಭೌತಶಾಸ್ತ್ರದಲ್ಲೂ ಕೈಯಾಡಿಸಿದ್ದೇನೆ! ನಮ್ಮ ಕಡೆ ಹೆಸರಿನ ಜೊತೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಅಲ್ವಾ, ಅದೇ ಎರಡು ಅಕ್ಷರ, ಅದೇ ಹೆಸರಿನವರು ಎಷ್ಟು ಜನ ಬೇಕು? ಪ್ರೊಫೈಲ್ ತೆರೆಯುವಾಗ ಆ ಹೆಸರಿನಲ್ಲಿ ಸಿಕ್ಕಿದ್ದನ್ನೆಲ್ಲ ತೋರಿಸಿ 'ನಿಮ್ಮದು ಯಾವುದು, ಆರಿಸಿ' ಅನ್ನುತ್ತದೆ. ಹುಡುಗ ಎಲ್ಲದಕ್ಕೂ ಟಿಕ್ ಹಾಕಿದ್ದ. ಆ ಕ್ಷೇತ್ರದ ಉಲ್ಲೇಖಗಳೋ, ನಮ್ಮ ಅಳತೆಗೆ ಸಿಗುವಂಥವಲ್ಲ. 2015ರಲ್ಲಿ ಹಿಗ್ಸ್ ಕಣದ ರಾಶಿ ಅಳೆದ ಒಂದೇ ಪ್ರಬಂಧಕ್ಕೆ 5,154 ಲೇಖಕರು, 33 ಪುಟಗಳಲ್ಲಿ 24 ಪುಟ ಬರೀ ಅವರ ಹೆಸರು ಮತ್ತು ಸಂಸ್ಥೆಗಳು. ಅದಕ್ಕೆ ಸಿಗುವ ಉಲ್ಲೇಖವೆಲ್ಲ ಅಷ್ಟೂ ಜನರ ಲೆಕ್ಕಕ್ಕೆ ಸೇರುತ್ತದೆ. ಅಂಥವು ಒಂದಷ್ಟು ತಪ್ಪಿ ನಿಮ್ಮ ಪಟ್ಟಿಗೆ ಸೇರಿದರೆ ಸಾಕು, ನೀವು ರಾತ್ರೋರಾತ್ರಿ ಮಹಾ ವಿಜ್ಞಾನಿ.

ಹುಡುಗನಿಗೆ ಹೇಳಿದೆ. "ಇರ್ಲಿ ಬಿಡಿ ಮೇಡಂ, ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ" ಅಂದ. ಸಮಿತಿ ಮುಂದೆ ಕೂರುವುದು ಅವನಲ್ಲವಲ್ಲ!

ಆಮೇಲೆ ಅವನ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತು ಒಂದೊಂದೇ ತೆಗೆಸಿದೆ. ಒಂದೇ ಪ್ರಬಂಧ ಎರಡು ಸಲ ಬಂದಿದ್ದನ್ನು ಸೇರಿಸಿ ಒಂದು ಮಾಡಿಸಿದೆ. ಹೊಸದು ಸಿಕ್ಕಾಗ ತಾನಾಗಿಯೇ ಸೇರಿಸಿಕೊಳ್ಳುವ ಸೆಟ್ಟಿಂಗ್ ಇತ್ತು, ಅದನ್ನು ಬದಲಿಸಿ 'ಮೊದಲು ಕೇಳು' ಅಂತ ಇಡಿಸಿದೆ. ನೀವೂ ಇಡಿಸಿ. ಇನ್ನೊಂದು, ಅವನು ಅಂಗಡಿಯ ಜಿಮೇಲಿನಲ್ಲೇ ಖಾತೆ ತೆರೆದಿದ್ದ, ಅದನ್ನು ಅಳಿಸಿ ನನ್ನದರಲ್ಲಿ ಮತ್ತೆ ಮಾಡಬೇಕಾಯಿತು. ಹೆಸರಿನ ಗೊಂದಲ ತಪ್ಪಿಸಲು 16 ಅಂಕಿಯ ಆರ್ಕಿಡ್ (ORCID) ಸಂಖ್ಯೆ, ಅಂದರೆ ಒಬ್ಬೊಬ್ಬ ಸಂಶೋಧಕರಿಗೂ ಬೇರೆ ಬೇರೆ ಗುರುತಿನ ಸಂಖ್ಯೆ, 2012ರಿಂದ ಇದೆ, ಪುಕ್ಕಟೆ. ಮನೆಯಲ್ಲೇ ಹತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದು, ಅಂಗಡಿ ಬೇಕಿಲ್ಲ.

ಹೊಟ್ಟೆ ಉರಿದಿದ್ದು ಹಳೇಬೀಡಿನ ಪ್ರಬಂಧಕ್ಕೆ. ಅದಕ್ಕೇ ನಾನು ಜಾಸ್ತಿ ಒದ್ದಾಡಿದ್ದು, ಗೈಡುಗಳು ಕೂಡ ಅದರ ಜೆರಾಕ್ಸ್ ಇಟ್ಟುಕೊಂಡಿದ್ದಾರೆ, ಲೆಕ್ಕದಲ್ಲಿ ಮಾತ್ರ ಸೊನ್ನೆ. ಯಾಕೆಂದರೆ ಪತ್ರಿಕೆಯವರು ಅದನ್ನು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಪಿಡಿಎಫ್ ಮಾಡಿದ್ದರು. ನಮಗೆ ಮುದ್ದಾದ ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟುಗಳ ಗೊಜ್ಜು. ಹುಡುಗ ಶೀರ್ಷಿಕೆ ಕಾಪಿ ಮಾಡಿ ಅಂಟಿಸಿದಾಗ ಪರದೆ ಮೇಲೆ ಅದೇ ಬಂತು. ಪಾಪ, ಅವನೇ ಕೂತು ಯೂನಿಕೋಡಿನಲ್ಲಿ ಟೈಪ್ ಮಾಡಿ ಸೇರಿಸಿದ, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಈ ಒಂದಕ್ಕೆ ನನ್ನಿಂದ ಪೂರ್ತಿ ಅಂಕ.

ಮೂರು ಕ್ಷೇತ್ರವನ್ನು ಒಂದೇ ಅಂಕಿಯಲ್ಲಿ ತೂಗುವುದೇ ತಪ್ಪು ಅನ್ನಿ. 2005ರಲ್ಲಿ ಈ ಎಚ್-ಇಂಡೆಕ್ಸ್ ಕೊಟ್ಟ ಭೌತವಿಜ್ಞಾನಿ ಹಿರ್ಶ್ (Hirsch) ಅವರೇ ಕ್ಷೇತ್ರದಿಂದ ಕ್ಷೇತ್ರಕ್ಕೆ ಅದು ಬೇರೆ ಅಂದಿದ್ದರು, ಜೀವವಿಜ್ಞಾನದವರದ್ದು ಭೌತಶಾಸ್ತ್ರದವರಿಗಿಂತ ಜಾಸ್ತಿ ಇರುತ್ತದೆ ಅಂತ. ಅದು ಅಂಗಡಿಯವನ ತಪ್ಪಲ್ಲ, ಬಿಡಿ.

ಐದಕ್ಕೆ ಮೂರು ಕೊಡುತ್ತೇನೆ. ಬೆಳಿಗ್ಗೆ ಹತ್ತೂವರೆಗೇ ಹೋಗಿ, ಆಮೇಲೆ ಸ್ಕಾಲರ್‌ಶಿಪ್ ಅರ್ಜಿಯ ಮಕ್ಕಳ ಸಾಲು. ನಿಮ್ಮ ಪ್ರಬಂಧಗಳ ಪಟ್ಟಿಯನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ, ಸ್ಟೂಲ್ ಅವರೇ ಕೊಡುತ್ತಾರೆ.