ಪಗಾರ ಬೀಳುವ ಖಾತೆಯೆಲ್ಲ ಸ್ಯಾಲರಿ ಪ್ಯಾಕೇಜ್ ಅಲ್ಲ: ಪಂಚಾಯಿತಿ, ಪುರಸಭೆ ಸಿಬ್ಬಂದಿಗೆ ಎಚ್ಚರಿಕೆ

ಆಳಂದ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರ ನೀರಗಂಟಿ ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಮೋಟರ್ ಬಂದ್ ಮಾಡಿ ಬೈಕ್ ಮೇಲೆ ಮನೆಗೆ ಹೊರಟಿದ್ದರು. ರಸ್ತೆಯಲ್ಲೇ ನಿಲ್ಲಿಸಿದ್ದ ಕಬ್ಬಿನ ಟ್ರ್ಯಾಕ್ಟರ್ ಟ್ರೇಲರಿಗೆ ಗುದ್ದಿದರು. ಟ್ರೇಲರಿನ ಹಿಂದೆ ದೀಪ ಇರಲಿಲ್ಲ, ರಿಫ್ಲೆಕ್ಟರ್ ಪಟ್ಟಿಯೂ ಇರಲಿಲ್ಲ. ಮೊದಲು ಕಲಬುರಗಿಗೆ ಒಯ್ದರು, ಅಲ್ಲಿಂದ ಸೊಲ್ಲಾಪುರಕ್ಕೆ. ವಾರದೊಳಗೆ ತೀರಿಕೊಂಡರು. ಬ್ಯಾಂಕಿನವರು ಪಂಚಾಯಿತಿ ಕಟ್ಟೆಯಲ್ಲಿ ಕ್ಯಾಂಪ್ ಮಾಡಿ ಹಂಚಿದ್ದ ಪಾಂಪ್ಲೆಟ್ ಮನೆಯಲ್ಲಿತ್ತು. ಸಂಬಳದ ಖಾತೆ ಇದ್ದವರಿಗೆ ಅಪಘಾತ ವಿಮೆ ಒಂದು ಕೋಟಿ ಎಂದು ಅದರಲ್ಲಿ ದೊಡ್ಡಕ್ಷರದಲ್ಲಿ ಅಚ್ಚಾಗಿತ್ತು. ಖಾತೆಯಲ್ಲಿ ಉಳಿದಿದ್ದ ಬಾಕಿ ಬಿಟ್ಟರೆ ಆ ಬ್ಯಾಂಕಿನಿಂದ ಮನೆಯವರಿಗೆ ಏನೂ ಬರಲಿಲ್ಲ.

"ಪಗಾರ ಇದ್ರಾಗೇ ಬರ್ತಿತ್ತಲ್ರೀ, ಮತ್ಯಾಕ ಇಲ್ಲಂತಾರ?" ಅಂತ ಅವರ ಮಗ ಕೇಳುತ್ತಾನೆ. ಕಲಬುರಗಿ, ಬೀದರ್, ಯಾದಗಿರಿಯ ಎಷ್ಟೋ ಪಂಚಾಯಿತಿ, ಪುರಸಭೆ, ನಗರಸಭೆ ಸಿಬ್ಬಂದಿಯ ಖಾತೆಗಳು ಈಗಲೂ ಹೀಗೇ ಇವೆ. ಅದಕ್ಕೇ ಎಲ್ಲಿ ಏನು ತಪ್ಪಿತು ಎಂಬುದನ್ನು ಬಿಡಿಸಿ ಬರೆಯಬೇಕಾಯಿತು.

ಮೊದಲು ಖಾತೆಯ ವಿಚಾರ. ಅವರ ಖಾತೆ ಹಿಂದೆ ಜನಧನ್‌ನಲ್ಲಿ ತೆರೆದದ್ದು. ಇಎಫ್‌ಎಂಎಸ್ (ಪಗಾರವನ್ನು ನೇರ ಖಾತೆಗೆ ಹಾಕುವ ಆನ್‌ಲೈನ್ ವ್ಯವಸ್ಥೆ) ಮೂಲಕ ಪಗಾರ ಹಾಕಲು ಬೇಕಾಗುವುದು ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್ ಮಾತ್ರ. ಖಾತೆ ಯಾವ ಬಗೆಯದು ಎಂದು ಆ ವ್ಯವಸ್ಥೆ ಕೇಳುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ಪಗಾರ ಬಿದ್ದರೂ ಬ್ಯಾಂಕಿನ ಕಂಪ್ಯೂಟರಿನಲ್ಲಿ ಅದು ಸಾದಾ ಉಳಿತಾಯ ಖಾತೆಯಾಗಿಯೇ ಉಳಿದಿತ್ತು. ಸ್ಯಾಲರಿ ಪ್ಯಾಕೇಜ್ ಎಂದರೆ ಪಗಾರದವರಿಗೆಂದೇ ಬ್ಯಾಂಕು ವಿಮೆ ಸಮೇತ ಕೊಡುವ ಬೇರೆ ಬಗೆಯ ಖಾತೆ. ಆ ಪ್ಯಾಕೇಜ್ ವಿಮೆ ಎಂಬುದು ಬ್ಯಾಂಕು ಒಂದು ವಿಮಾ ಕಂಪನಿಯ ಜತೆ ಮಾಡಿಕೊಂಡ ಗುಂಪು ಪಾಲಿಸಿ. ಯಾವ ಖಾತೆಗೆ ಪ್ಯಾಕೇಜಿನ ಸ್ಕೀಮ್ ಕೋಡ್ (ಖಾತೆ ಯಾವ ಬಗೆಯದು ಎಂದು ಬ್ಯಾಂಕು ಹಾಕುವ ಗುರುತು) ಬಿದ್ದಿದೆಯೋ ಆ ಖಾತೆದಾರರಷ್ಟೇ ಅದರೊಳಗೆ ಬರುತ್ತಾರೆ. ಪಾಂಪ್ಲೆಟ್ ಕೈಯಲ್ಲಿದ್ದ ಮಾತ್ರಕ್ಕೆ ಹೆಸರು ಪಾಲಿಸಿಗೆ ಸೇರುವುದಿಲ್ಲ.

ಇಲ್ಲಿ ಇನ್ನೊಂದು ಗೊಂದಲವಿದೆ. 2025ರಲ್ಲಿ ರಾಜ್ಯ ಸರ್ಕಾರ ತನ್ನ ನೌಕರರು ಸಂಬಳ ಪ್ಯಾಕೇಜ್ ಖಾತೆ ಮಾಡಿಸಿಕೊಳ್ಳಬೇಕು, ಪ್ರಧಾನಮಂತ್ರಿ ಜೀವನ್ ಜ್ಯೋತಿ ಮತ್ತು ಸುರಕ್ಷಾ ವಿಮೆಗೂ ಸೇರಬೇಕು ಎಂದು ಆದೇಶಿಸಿತು. ಪಿಡಿಒ, ಕಾರ್ಯದರ್ಶಿ, ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಸರ್ಕಾರಿ ನೌಕರರು. ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್, ನೀರಗಂಟಿ, ಜವಾನ, ಸ್ವಚ್ಛತಾಗಾರರು ಪಂಚಾಯಿತಿಯ ಸಿಬ್ಬಂದಿ. ಕ್ಯಾಂಪಿನಲ್ಲಿ ಪಾಂಪ್ಲೆಟ್ ಎಲ್ಲರಿಗೂ ಒಂದೇ ಕೊಡುತ್ತಾರೆ. ಆದರೆ ಪಂಚಾಯಿತಿ ಸಿಬ್ಬಂದಿಯನ್ನು ಯಾವ ಪ್ಯಾಕೇಜಿಗೆ ಸೇರಿಸುತ್ತಾರೆ, ಎಷ್ಟು ಪಗಾರದವರಿಗೆ ಎಷ್ಟು ವಿಮೆ ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಪಿಡಿಒಗೆ ಸಿಗುವ ಮೊತ್ತವೇ ನಿಮಗೂ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ಅದನ್ನು ಲಿಖಿತದಲ್ಲಿ ಕೇಳಿ.

ಕೇಳುವುದು ಹೇಗೆ? ಕೌಂಟರಿನಲ್ಲಿ "ನಂದು ಸ್ಯಾಲರಿ ಖಾತಿ ಹೌದಿಲ್ರಿ?" ಎಂದರೆ "ಹೌದು" ಎಂಬ ಉತ್ತರವೇ ಬರುತ್ತದೆ. ಪಗಾರ ಬರುತ್ತಿರುವುದು ಅವರಿಗೆ ಪರದೆ ಮೇಲೆ ಕಾಣುತ್ತದಲ್ಲ. ಪ್ರಶ್ನೆಯನ್ನೇ ಬದಲಿಸಿ. ಖಾತೆಯ ಸ್ಕೀಮ್ ಅಥವಾ ಪ್ರಾಡಕ್ಟ್ ಕೋಡ್ ಏನು, ಅದರ ಹೆಸರೇನು, ಅದಕ್ಕೆ ಅಪಘಾತ ವಿಮೆ ಎಷ್ಟು, ಯಾವ ವಿಮಾ ಕಂಪನಿ, ಪಾಲಿಸಿ ಯಾವ ತಾರೀಖಿನವರೆಗೆ ಎಂದು ಕೇಳಿ. ಪ್ಯಾಕೇಜ್ ಅಲ್ಲ ಎಂದಾದರೆ ಹೊಸ ಖಾತೆ ತೆರೆಯಬೇಕಿಲ್ಲ. ಅದೇ ಬ್ಯಾಂಕಿನಲ್ಲಿದ್ದರೆ ಸಾಮಾನ್ಯವಾಗಿ ಖಾತೆ ಸಂಖ್ಯೆ ಬದಲಾಗದೆ ಬಗೆ ಮಾತ್ರ ಬದಲಾಗುತ್ತದೆ. ಆಧಾರ್, ಪ್ಯಾನ್, ಇತ್ತೀಚಿನ ಪಗಾರ ಚೀಟಿ ಅಥವಾ ಪಂಚಾಯಿತಿಯ ವೇತನ ದೃಢೀಕರಣ, ಗುರುತಿನ ಚೀಟಿ, ಫೋಟೊ, ನಾಮಿನಿಯ ಆಧಾರ್ ಒಯ್ಯಿರಿ. ಅರ್ಜಿ ಹೀಗಿದ್ದರೆ ಸಾಕು:

"ನನ್ನ ಉಳಿತಾಯ ಖಾತೆ ಸಂಖ್ಯೆ …………ಗೆ ಪ್ರತಿ ತಿಂಗಳು ………… ಸಂಸ್ಥೆಯಿಂದ ವೇತನ ಜಮೆಯಾಗುತ್ತಿದೆ. ಈ ಖಾತೆಯನ್ನು ಸಂಬಳ ಪ್ಯಾಕೇಜ್ ಖಾತೆಯಾಗಿ ಪರಿವರ್ತಿಸಿ, ಪರಿವರ್ತನೆಯ ದಿನಾಂಕ, ಸ್ಕೀಮ್ ಕೋಡ್ ಮತ್ತು ಅನ್ವಯಿಸುವ ವಿಮಾ ಮೊತ್ತವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ನಾಮಿನಿ: …………, ಸಂಬಂಧ: …………"

ಎರಡು ಪ್ರತಿ ಮಾಡಿ. ಒಂದರ ಮೇಲೆ ಶಾಖೆಯ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ಮನೆಯಲ್ಲಿಡಿ. ಮುಂದೆ ಜಗಳ ಬಂದರೆ ಕೈಯಲ್ಲಿ ಇರುವುದು ಈ ಸೀಲು ಬಿದ್ದ ಹಾಳೆ ಒಂದೇ.

ಪ್ಯಾಕೇಜ್ ಆಯಿತು ಎಂದು ನಿಶ್ಚಿಂತರಾಗುವ ಹಾಗೂ ಇಲ್ಲ. ಸ್ಥಳೀಯ ಸಂಸ್ಥೆಗಳವರಿಗೆ ದೊಡ್ಡ ಹೊಡೆತ ಬೀಳುವುದು ಇಲ್ಲೇ. ಸತತವಾಗಿ ಕೆಲವು ತಿಂಗಳು, ಹಲವು ಬ್ಯಾಂಕುಗಳಲ್ಲಿ ಮೂರು ತಿಂಗಳು, ಪಗಾರ ಜಮೆಯಾಗದಿದ್ದರೆ ಖಾತೆಯನ್ನು ಸಾದಾ ಉಳಿತಾಯ ಖಾತೆಗೆ ಇಳಿಸುತ್ತಾರೆ. ಇಲಾಖೆಯವರಿಗೆ ತಿಂಗಳು ತಿಂಗಳು ಪಗಾರ ಆಗುವುದರಿಂದ ಇದು ತಟ್ಟುವುದಿಲ್ಲ. ನಮ್ಮಲ್ಲಿ ಅನುದಾನ ತಡವಾಗಿ ನಾಲ್ಕೈದು ತಿಂಗಳದ್ದು ಒಟ್ಟಿಗೆ ಬೀಳುತ್ತದೆ. ಆ ನಡುವೆ ಪ್ಯಾಕೇಜ್ ಹೋಗಿರುತ್ತದೆ, ಬಾಕಿ ಪಗಾರ ಬಂದ ಮೇಲೆ ತಾನಾಗಿ ಮರಳುತ್ತದೆ ಎಂಬ ಖಾತ್ರಿಯಿಲ್ಲ. ಇನ್ನೊಂದು ಅಡ್ಡಿ: ಜಮೆಯಾದ ಹಣ ಪಗಾರ ಎಂದು ಬ್ಯಾಂಕಿನ ವ್ಯವಸ್ಥೆಗೆ ಗೊತ್ತಾಗಬೇಕು. ಸಾದಾ ಎನ್‌ಇಎಫ್‌ಟಿಯಾಗಿ ಬಂದರೆ ಅದು ಯಾರೋ ಕಳಿಸಿದ ಹಣದಂತೆ ದಾಖಲಾಗಬಹುದು. ಪಾಸ್‌ಬುಕ್ ಎಂಟ್ರಿ ಮಾಡಿಸಿ, ಪಗಾರದ ಸಾಲಿನ ವಿವರಣೆಯಲ್ಲಿ ಏನು ಬರೆದಿದೆ ಎಂದು ನೋಡಿ. ಪಗಾರ ನಿಂತು ಮತ್ತೆ ಶುರುವಾದಾಗಲೆಲ್ಲ ಸ್ಕೀಮ್ ಕೋಡ್ ಇನ್ನೊಮ್ಮೆ ಕೇಳಿ. ಗ್ರಾಮೀಣ ಬ್ಯಾಂಕ್‌ಗಳು 2025ರ ಮೇ 1ರಂದು ವಿಲೀನವಾದ ಮೇಲೆ ಯಾರ ಖಾತೆ ಅಲ್ಲಿದೆಯೋ ಅವರಂತೂ ಕೇಳಲೇಬೇಕು.

ಆ ನೀರಗಂಟಿಯ ಪಾಸ್‌ಬುಕ್ಕಿನಲ್ಲಿ ಸುರಕ್ಷಾ ವಿಮೆಯ ಕಂತು ಒಂದು ವರ್ಷ ಕಡಿತವಾದ ಸಾಲು ಇತ್ತು. ಅದನ್ನು ನೋಡಿಯೇ ಮನೆಯವರು ಎರಡು ಲಕ್ಷವಾದರೂ ಬರುತ್ತದೆ ಎಂದುಕೊಂಡಿದ್ದರು. ನಂತರದ ವರ್ಷ ಆ ಸಾಲೇ ಇಲ್ಲ. ಈ ವಿಮೆಯ ವರ್ಷ ಜೂನ್ 1ರಿಂದ ಮೇ 31. ಮುಂದಿನ ವರ್ಷದ ಕಂತು ಮೇ ಕೊನೆಯ ವಾರದಲ್ಲಿ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಪಗಾರ ಬಾಕಿಯಿದ್ದ ಆ ಮೇ ತಿಂಗಳಲ್ಲಿ ಖಾತೆಯಲ್ಲಿ ಇಪ್ಪತ್ತು ರೂಪಾಯಿ ಇರಲಿಲ್ಲ. ಎರಡು ಲಕ್ಷದ ರಕ್ಷಣೆ ₹20ಕ್ಕೆ ಹೋಯಿತು. ಓದಿದವರು ದಯವಿಟ್ಟು ಇದನ್ನು ಪಕ್ಕದ ಟೇಬಲ್ಲಿನವರಿಗೂ ಹೇಳಿ.

ಸುರಕ್ಷಾ ವಿಮೆಗೆ ವರ್ಷಕ್ಕೆ ₹20, ವಯಸ್ಸು 18ರಿಂದ 70. ಅಪಘಾತದ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ ₹2 ಲಕ್ಷ, ಭಾಗಶಃ ಶಾಶ್ವತ ವೈಕಲ್ಯಕ್ಕೆ ₹1 ಲಕ್ಷ. ಜೀವನ್ ಜ್ಯೋತಿಗೆ ₹436, ಸೇರುವ ವಯಸ್ಸು 18ರಿಂದ 50, ಕಂತು ತಪ್ಪದೆ ಕಟ್ಟಿದರೆ 55ರವರೆಗೆ. ಯಾವ ಕಾರಣಕ್ಕೆ ಸತ್ತರೂ ₹2 ಲಕ್ಷ. ಹೊಸದಾಗಿ ಸೇರಿದ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಸಾವಿಗೆ ಹಣ ಬರುವುದಿಲ್ಲ. ಕಂತು ತಪ್ಪಿ ಮತ್ತೆ ಸೇರಿದರೂ ಆ 30 ದಿನ ಹೊಸದಾಗಿ ಶುರು. ಎರಡು ಬ್ಯಾಂಕಿನಲ್ಲಿ ಎರಡು ಸಲ ಕಂತು ಕಟ್ಟಿದರೂ ಒಂದು ಯೋಜನೆಯಿಂದ ಬರುವುದು ಎರಡೇ ಲಕ್ಷ. ಮೇ 20ರ ಹೊತ್ತಿಗೆ ಖಾತೆಯಲ್ಲಿ ₹500 ಇರುವ ಹಾಗೆ ನೋಡಿಕೊಳ್ಳಿ, ಜೂನ್ ಮೊದಲ ವಾರ ಎಂಟ್ರಿ ಮಾಡಿಸಿ ಎರಡೂ ಕಡಿತ ಬಂದಿವೆಯೇ ನೋಡಿ. ಜನಧನ್ ಖಾತೆಯ ರುಪೇ ಕಾರ್ಡಿಗೂ ಅಪಘಾತ ವಿಮೆಯಿದೆ. 2018ರ ಆಗಸ್ಟ್ 28ರ ನಂತರ ತೆರೆದ ಖಾತೆಗಾದರೆ ₹2 ಲಕ್ಷ, ಅದಕ್ಕೂ ಹಿಂದಿನದಾದರೆ ₹1 ಲಕ್ಷ. ಅಪಘಾತಕ್ಕೆ ಹಿಂದಿನ 90 ದಿನದಲ್ಲಿ ಆ ಕಾರ್ಡಿನಿಂದ ವಹಿವಾಟು ನಡೆದಿರಬೇಕು ಎಂಬ ಷರತ್ತಿದೆ. ಆ ಮನೆಯಲ್ಲಿ ಕಾರ್ಡು ಬ್ಯಾಂಕಿನ ಲಕೋಟೆಯಿಂದ ಹೊರಗೇ ಬಂದಿರಲಿಲ್ಲ, ಪಿನ್ ಕೂಡ ಮಾಡಿಸಿರಲಿಲ್ಲ. ತಿಂಗಳಿಗೊಮ್ಮೆ ಎಟಿಎಂನಲ್ಲಿ ನೂರು ರೂಪಾಯಿಯಾದರೂ ತೆಗೆಯಿರಿ.

ಇದಕ್ಕಿಂತ ದೊಡ್ಡ ನಷ್ಟ ಆದದ್ದು ಆಸ್ಪತ್ರೆಯಿಂದ ಬರುವಾಗ. ನಮ್ಮ ಭಾಗದವರು ಗಂಭೀರ ಗಾಯವಾದರೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡುತ್ತಾರೆ. ಉಳಿಯುವುದಿಲ್ಲ ಎಂದು ಗೊತ್ತಾದಾಗ "ಉಸುರು ಇರೂತನ ಊರಿಗಿ ಒಯ್ಯೂನು" ಎಂದು ವೈದ್ಯರ ಸಲಹೆಗೆ ವಿರುದ್ಧವಾಗಿ ಸಹಿ ಹಾಕಿ ಬಿಡಿಸಿಕೊಂಡು ಬರುತ್ತಾರೆ. ಈ ಮನೆಯವರೂ ಹಾಗೇ ಮಾಡಿದರು. ಸಾವು ಊರಿನಲ್ಲಿ ಆಯಿತು, ಅದೇ ದಿನ ಮಣ್ಣು ಮಾಡಿದರು. ಪೋಸ್ಟ್‌ಮಾರ್ಟಂ ಆಗಲಿಲ್ಲ, ಠಾಣೆಗೂ ತಿಳಿಸಲಿಲ್ಲ. ಎಫ್‌ಐಆರ್ ಗಾಯದ ಕಲಮುಗಳಲ್ಲೇ ಉಳಿಯಿತು. ಅಜಾಗರೂಕತೆಯಿಂದ ಸಾವಿಗೆ ಕಾರಣವಾದದ್ದಕ್ಕೆ ಹಾಕುವ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 106ನೇ ಕಲಮು ಸೇರಲಿಲ್ಲ. ಅಪಘಾತದ ಗಾಯದಿಂದಲೇ ಸಾವು ಬಂತು ಎಂಬುದಕ್ಕೆ ಕಾಗದದ ಪುರಾವೆ ಇಲ್ಲದಂತಾಯಿತು. ಖಾತೆ ಸರಿಯಾಗಿದ್ದಿದ್ದರೂ ವಿಮಾ ಕಂಪನಿ ಇಲ್ಲಿ ತಡೆಯುತ್ತಿತ್ತು. ಟ್ರ್ಯಾಕ್ಟರಿನ ವಿಮೆಯ ಮೇಲೆ ಮೋಟಾರು ಅಪಘಾತ ಪರಿಹಾರ ಕೇಳುವ ದಾರಿಯೂ ಇದರಿಂದಲೇ ಕಷ್ಟವಾಯಿತು.

ದುಃಖದ ಹೊತ್ತಿನಲ್ಲಿ ಮನೆಯವರಿಗೆ ಇದೆಲ್ಲ ತೋಚುವುದಿಲ್ಲ, ತೋಚಬೇಕೆಂದು ಬಯಸುವುದೂ ಸರಿಯಲ್ಲ. ಜತೆಗೆ ಹೋಗುವ ಸಹೋದ್ಯೋಗಿ ಇದನ್ನು ತಿಳಿದಿರಬೇಕು. ಆಸ್ಪತ್ರೆಗೆ ಸೇರಿಸುವಾಗ ಪೊಲೀಸ್ ರಗಳೆ ಬೇಡವೆಂದು "ಮನೆಯಲ್ಲಿ ಬಿದ್ದರು" ಎನ್ನಬೇಡಿ. ಆದದ್ದನ್ನೇ ಹೇಳಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂಬ ಆಸ್ಪತ್ರೆಯ ದಾಖಲೆ) ಮಾಡಿಸಿ, ಅದರ ಸಂಖ್ಯೆ ಬರೆದುಕೊಳ್ಳಿ. ಬಿಡಿಸಿಕೊಂಡು ಬರುವುದು ಅನಿವಾರ್ಯವಾದರೆ ಡಿಸ್ಚಾರ್ಜ್ ಸಾರಾಂಶ, ಸಿಟಿ ಸ್ಕ್ಯಾನ್ ವರದಿ ಬಿಡದೆ ತನ್ನಿ, ಸಾವಾದ ಕೂಡಲೇ ಅಪಘಾತ ನಡೆದ ವ್ಯಾಪ್ತಿಯ ಠಾಣೆಗೆ ತಿಳಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ಪೋಸ್ಟ್‌ಮಾರ್ಟಂ ಮಾಡಿಸಿ. ಸಾವು ಹೊರರಾಜ್ಯದಲ್ಲೇ ಆದರೆ ಮರಣ ನೋಂದಣಿ ಅಲ್ಲೇ ಆಗುತ್ತದೆ. 21 ದಿನದೊಳಗೆ ಆಗಬೇಕು. ಅಲ್ಲಿನ ಠಾಣೆಯ ಪಂಚನಾಮೆ ನಮ್ಮ ಠಾಣೆಗೆ ಬಂದು ಸೇರಿದೆಯೇ ಎಂದು ಬೆನ್ನು ಹತ್ತಬೇಕು. ಕಾಗದ ಮರಾಠಿ ಅಥವಾ ತೆಲುಗಿನಲ್ಲಿದ್ದರೆ ವಿಮಾ ಕಂಪನಿಯವರು ನೋಟರಿ ಮಾಡಿದ ಅನುವಾದ ಕೇಳಬಹುದು.

ಮೋಟಾರು ಅಪಘಾತ ಪರಿಹಾರದ ಅರ್ಜಿಗೆ 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವಿದೆ. ಟ್ರೇಲರಿಗೆ ಗುದ್ದಿದ ಪ್ರಕರಣದಲ್ಲಿ ಟ್ರ್ಯಾಕ್ಟರಿನದು ಮಾತ್ರವಲ್ಲ, ಟ್ರೇಲರಿನ ಆರ್‌ಸಿ ಮತ್ತು ವಿಮೆಯನ್ನೂ ಪೊಲೀಸರಿಂದ ಪಡೆಯಿರಿ. ಗುದ್ದಿದ ವಾಹನ ಓಡಿಹೋಗಿ ಸಿಗದೇ ಇದ್ದರೆ 2022ರ ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಾವಿಗೆ ₹2 ಲಕ್ಷ, ಗಂಭೀರ ಗಾಯಕ್ಕೆ ₹50 ಸಾವಿರ ಇದೆ. ಅರ್ಜಿ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಗೆ.

ಹೆಸರಿನ ವಿಚಾರ ಚಿಕ್ಕದೆಂದು ಬಿಡಬೇಡಿ. ನಮ್ಮ ಕಡೆ ಸೇವಾ ದಾಖಲೆಯಲ್ಲಿ "ಸಿದ್ದಪ್ಪ ತಂದೆ ಶರಣಪ್ಪ", ಆಧಾರಿನಲ್ಲಿ "ಸಿದ್ಧಾರಾಮ ಪೂಜಾರಿ", ಬ್ಯಾಂಕಿನಲ್ಲಿ ಬರೀ "ಸಿದ್ದಪ್ಪ" ಎಂದಿರುವುದು ಸರ್ವೇಸಾಮಾನ್ಯ. ಬದುಕಿದ್ದಾಗ ಆಧಾರಿನಂತೆ ಬ್ಯಾಂಕಿನಲ್ಲಿ ತಿದ್ದಿಸುವುದು ಒಂದು ಅರ್ಜಿಯ ಕೆಲಸ. ಸತ್ತ ಮೇಲೆ ಅದೇ ಕೆಲಸಕ್ಕೆ ಅಫಿಡವಿಟ್, ನಾಡಕಚೇರಿಯ ವಂಶವೃಕ್ಷ, ಪಂಚಾಯಿತಿಯ ದೃಢೀಕರಣ ಎಲ್ಲ ಬೇಕು. ಮದುವೆಗೆ ಮುಂಚೆ ತೆರೆದ ಖಾತೆಯಲ್ಲಿ ನಾಮಿನಿ ಇನ್ನೂ ತಾಯಿಯೇ ಇರುತ್ತಾರೆ. ಅದನ್ನೂ ಅದೇ ದಿನ ನೋಡಿ.

ಹೊರಗುತ್ತಿಗೆಯ ಪುರಸಭೆ, ನಗರಸಭೆ ಸಿಬ್ಬಂದಿಗೆ ಬ್ಯಾಂಕ್ ಪ್ಯಾಕೇಜಿಗಿಂತ ಗಟ್ಟಿಯಾದದ್ದು ಭವಿಷ್ಯನಿಧಿಯ ಜತೆಗಿರುವ ಇಡಿಎಲ್‌ಐ ವಿಮೆ. ಪಿಎಫ್ ಕಟ್ಟುತ್ತಿರುವಾಗ ತೀರಿಕೊಂಡರೆ ಗರಿಷ್ಠ ₹7 ಲಕ್ಷ, ಅಪಘಾತವೇ ಆಗಬೇಕೆಂದಿಲ್ಲ, ನೌಕರನ ಪಗಾರದಿಂದ ಇದಕ್ಕೆ ಕಡಿತವೂ ಇಲ್ಲ. ಆದರೆ ಗುತ್ತಿಗೆದಾರ ಪಿಎಫ್ ಹಣ ಹಿಡಿದುಕೊಂಡು ಕಟ್ಟದೇ ಇದ್ದರೆ ತಕರಾರು ಏಳುತ್ತದೆ. ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ಪಾಸ್‌ಬುಕ್ಕನ್ನು ಉಮಂಗ್ ಆ್ಯಪಿನಲ್ಲಿ ತಿಂಗಳಿಗೊಮ್ಮೆ ನೋಡಿ, ಇ-ನಾಮಿನೇಷನ್ ಮಾಡಿ. ಹಣ ಬಿದ್ದಿಲ್ಲವೆಂದರೆ ಕಲಬುರಗಿಯ ಪಿಎಫ್ ಕಚೇರಿಗೆ ಲಿಖಿತ ದೂರು ಕೊಡಿ.

ಅನಾಹುತ ಆಗಿಹೋಗಿದ್ದರೆ ಮೊದಲ ಕೆಲಸ ಬ್ಯಾಂಕ್ ಶಾಖೆಗೆ ಲಿಖಿತ ಸೂಚನೆ. ಸುರಕ್ಷಾ ವಿಮೆಗೆ 30 ದಿನದೊಳಗೆ ತಿಳಿಸಬೇಕು. ಪೋಸ್ಟ್‌ಮಾರ್ಟಂ ವರದಿ, ರಾಸಾಯನಿಕ ವರದಿ ಬರಲಿ ಎಂದು ಕಾಯಬೇಡಿ. ಸೂಚನೆ ಇವತ್ತು ಕೊಟ್ಟು ದಾಖಲೆ ಆಮೇಲೆ ಸೇರಿಸಬಹುದು. "ಬರಂಗಿಲ್ಲ" ಎಂದು ಬಾಯಲ್ಲಿ ಹೇಳಿದರೆ ಎದ್ದು ಬರಬೇಡಿ, ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೇಳಿ. ವಿಮಾ ಕಂಪನಿಯ ತಪ್ಪಿದ್ದರೆ ಮೊದಲು ಕಂಪನಿಗೆ, ನಂತರ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಸಹಾಯವಾಣಿ 155255ಕ್ಕೆ ದೂರು. ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ತೀರ್ಮಾನಿಸುವ ಅಧಿಕಾರಿ) ಹೋಗಬಹುದು; ಒಂದು ವರ್ಷದೊಳಗೆ ಹೋಗಬೇಕು, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಪರಿವರ್ತನೆಗೆ ಅರ್ಜಿ ಕೊಟ್ಟಿದ್ದರೂ ಬ್ಯಾಂಕು ಕೋಡ್ ಬದಲಿಸದೇ ಬಿಟ್ಟಿದ್ದರೆ ಅದು ಬ್ಯಾಂಕಿನ ಸೇವಾ ಲೋಪ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಾದು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ, ವಿಚಾರಿಸಲು 14448. ಆ ದೂರಿನ ಜತೆ ಲಗತ್ತಿಸಬೇಕಾದದ್ದು ಶಾಖೆಯ ಸೀಲು ಬಿದ್ದ ನಿಮ್ಮ ಅರ್ಜಿಯ ಪ್ರತಿ.